ಬಾಯಲ್ಲಿದ್ದರೆ ಸಲೀಸು, ಕುಂಡದಲ್ಲಿದ್ದರೆ ಗಾಂಜಾ!

ಇಂದು ಬೆಳಿಗ್ಗೆ ನೀರಿನ ಟ್ಯಾಂಕ್ ತೊಳೆಯಲು ಬಂದ ಪುಣ್ಯಾತ್ಮ ನನ್ನ ತಾರಸಿಯ ಮೂಲೆಯಲ್ಲಿರುವ ಹೊಗೆಸೊಪ್ಪಿನ (ತಂಬಾಕಿನ) ಕುಂಡಗಳ ಬಳಿ ಹೋಗಿ, ಬಾಯಲ್ಲಿದ್ದ ರಸ ಚೆಲ್ಲದಂತೆ ಗದ್ದ ಮೇಲೆತ್ತಿಕೊಂಡು, "ಮೇಡಂ, ಇದು ಗಾಂಜಾ ಅಲ್ಲವೇ?" ಎಂದು ಪಿಸುದನಿಯಲ್ಲಿ ಕೇಳಿದ. ಆ ಮನುಷ್ಯನ ಕೆಳತುಟಿಯೊಳಗೆ ಸುಣ್ಣದ ಜೊತೆ ಕುಳಿತಿದ್ದದ್ದು ಇದೇ ಗಿಡದ ಎಲೆ. "ನಿಮ್ಮ ಬಾಯಲ್ಲಿ ಇರುವುದೇ ಇದು" ಎಂದೆ. ನಂಬಲಿಲ್ಲ. ನಕ್ಕು, ನನ್ನ ಗುಟ್ಟನ್ನು ಯಾರಿಗೂ ಹೇಳುವುದಿಲ್ಲ ಎಂಬಂತೆ ತಲೆಯಾಡಿಸಿ ಕೆಲಸಕ್ಕೆ ಹೋದ.

ಈ ಪ್ರಶ್ನೆ ಕೇಳಿದವರಲ್ಲಿ ಇವನು ಮೊದಲನೆಯವನಲ್ಲ. ಎದುರು ಮನೆಯವರು ಕೇಳಿದ್ದಾರೆ, ಮೀಟರ್ ನೋಡಲು ಬಂದವನು ಕೇಳಿದ್ದಾನೆ, ಪದವಿ ಓದುತ್ತಿರುವ ನನ್ನ ಅಕ್ಕನ ಮಗ ಕೇಳಿದ್ದಾನೆ. ನಮ್ಮ ಯಜಮಾನರಂತೂ "ಪೊಲೀಸರು ಬಂದರೆ ನೀನೇ ಮಾತನಾಡಬೇಕು" ಎಂದು ಮೊದಲೇ ಕೈ ತೊಳೆದುಕೊಂಡಿದ್ದಾರೆ. ಸ್ವಾಮಿ, ಗಾಂಜಾದ ಎಲೆ ಬೆರಳುಬೆರಳಾಗಿ ಸೀಳಿರುತ್ತದೆ, ಅಂಚಿಗೆ ಹಲ್ಲುಗಳಿರುತ್ತವೆ. ಹೊಗೆಸೊಪ್ಪಿನದು ಅಗಲವಾದ ಇಡೀ ಎಲೆ, ಅಂಚು ನಯ, ಮುಟ್ಟಿದರೆ ಕೈಗೆ ಅಂಟಂಟು. ಬದನೆ, ಟೊಮೆಟೊ, ಮೆಣಸಿನಕಾಯಿಯ ಕುಲದ್ದೇ ಗಿಡ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿ ಬೆಳೆದವರಿಗೆ ಟೊಮೆಟೊದ ದಾಯಾದಿಯ ಗುರುತು ಸಿಗುವುದಿಲ್ಲವೇ?

ನಿಪ್ಪಾಣಿ ಕಡೆಯ ಸಹೋದ್ಯೋಗಿಯೊಬ್ಬರು ಊರಿಂದ ಬರುವಾಗ ಒಂದು ಚೀಟಿಯಲ್ಲಿ ಬೀಡಿ ತಂಬಾಕಿನ ಬೀಜ ತಂದುಕೊಟ್ಟಿದ್ದರು. ಬಿಚ್ಚಿದರೆ ಕಂದುಬಣ್ಣದ ಧೂಳು. ಒಂದು ಗ್ರಾಮಿಗೆ 10,000ಕ್ಕೂ ಹೆಚ್ಚು ಬೀಜ. ಇದರ ಮುಂದೆ ನಮ್ಮ ರಾಗಿಕಾಳು ಕುಂಬಳಕಾಯಿ. ಫ್ಯಾನ್ ಆರಿಸಿ, ಉಸಿರು ಹಿಡಿದು, ನುಣ್ಣನೆಯ ಮರಳಿನಲ್ಲಿ ಬೆರೆಸಿ ಟ್ರೇಯ ಮಣ್ಣಿನ ಮೇಲೆ ಉದುರಿಸಿದೆ. ಉದುರಿಸಿದೆ ಅಷ್ಟೇ, ಮುಚ್ಚಲಿಲ್ಲ. ಈ ಬೀಜಕ್ಕೆ ಮೊಳೆಯಲು ಬೆಳಕು ಬೇಕು, ಮಣ್ಣು ಹೊದಿಸಿದರೆ ಹೂತುಹಾಕಿದಂತೆಯೇ. ಆದರೂ ಮೇಲೆ ಬಂದವರೆಲ್ಲ "ಒಂದು ಹಿಡಿ ಗೊಬ್ಬರ ಮುಚ್ಚಿ ಮೇಡಂ" ಎಂದು ಸಲಹೆ ಕೊಟ್ಟವರೇ. ಗಿಡದ ಗುರುತಿಲ್ಲ, ಸಲಹೆಗೆ ಮಾತ್ರ ಬರವಿಲ್ಲ.

ಮೇಲಿನಿಂದ ನೀರು ಹಾಕಿದರೆ ಬೀಜ ತೇಲಿ ಒಂದೇ ಮೂಲೆಗೆ ಸೇರುತ್ತದೆ. ಹಾಗಾಗಿ ಟ್ರೇಯನ್ನೇ ನೀರಿನ ತಟ್ಟೆಯಲ್ಲಿಟ್ಟು ತಳದಿಂದ ತೇವ ಏರುವಂತೆ ಮಾಡಿದೆ. ಎರಡನೆಯ ವಾರದಲ್ಲಿ ಹಸಿರು ಚುಕ್ಕಿಗಳು ಕಂಡವು. ಅದಾದ ಮೇಲೂ ನೆಮ್ಮದಿಯಿಲ್ಲ: ತೇವ ಹೆಚ್ಚಾದರೆ ಬುಡ ಕೊಳೆತು ರಾತ್ರೋರಾತ್ರಿ ಸಾಲುಸಾಲಾಗಿ ಮಲಗಿಬಿಡುತ್ತವೆ, ತೇವ ಆರಿದರೆ ಮಧ್ಯಾಹ್ನದ ಬಿಸಿಲೇ ಸಾಕು. ಬದುಕಿದವನ್ನು ನಾಲ್ಕೈದು ಎಲೆ ಬಂದ ಮೇಲೆ ಒಂದೊಂದಾಗಿ ಕುಂಡಕ್ಕೆ ಬದಲಾಯಿಸಿದೆ. ಈಗ ನನ್ನ ಎದೆಮಟ್ಟಕ್ಕೆ ನಿಂತಿವೆ. ಎಂಥ ಚೆಲುವು ಅಂತೀರಿ!

"ವಿಷವನ್ನು ಯಾಕೆ ಬೆಳೆಯುತ್ತೀರಿ, ಅದೂ ಶಾಲೆಯ ಟೀಚರ್ ಆಗಿ?" ಎಂಬುದು ಮುಂದಿನ ಆಕ್ಷೇಪ. ಕೇಳಬೇಕಾದ ಪ್ರಶ್ನೆಯೇ, ಒಪ್ಪೋಣ. ಆದರೆ ಕೇಳುವವರು ಯಾರು? ನಮ್ಮ ರಾಜ್ಯದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಅಂದಿನಿಂದ ಪಾನ್ ಮಸಾಲೆ ಒಂದು ಪೊಟ್ಟಣದಲ್ಲಿ, ತಂಬಾಕು ಇನ್ನೊಂದರಲ್ಲಿ; ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಂಡರೆ ನಿಷೇಧವೂ ಉಳಿಯಿತು, ಗುಟ್ಕಾವೂ ಉಳಿಯಿತು. ನಮ್ಮ ಬೀದಿಯ ತುದಿಯ ಪೆಟ್ಟಿಗೆ ಅಂಗಡಿಯಲ್ಲಿ ತೋರಣದಂತೆ ತೂಗುವ ಆ ಸರಗಳ ಕೆಳಗೆ ನಿಂತು ಮಕ್ಕಳು ಚಾಕೊಲೇಟ್ ಕೊಳ್ಳುತ್ತಾರೆ. ಅದು ಯಾರ ಕಣ್ಣನ್ನೂ ಚುಚ್ಚುವುದಿಲ್ಲ. ನನ್ನ ಕುಂಡ ಚುಚ್ಚುತ್ತದೆ.

ನನ್ನ ಅಮ್ಮ ಹೋದದ್ದು ಇದರಿಂದಲೇ. ಜೀವನವಿಡೀ ಸೆರಗಿನ ಗಂಟಿನಲ್ಲಿ ಕಡ್ಡಿಪುಡಿ. ಕೆನ್ನೆಯೊಳಗಿನ ಹುಣ್ಣನ್ನು ಹಲ್ಲುನೋವು ಎಂದು ಹೇಳಿಕೊಂಡೇ ಕೊನೆಗಾಲ ಕಳೆದಳು. ಅವಳನ್ನು ತಿಂದ ಗಿಡವನ್ನು ಒಮ್ಮೆ ಕಣ್ಣಾರೆ ನೋಡಬೇಕು ಎನಿಸಿತ್ತು. ಇದಕ್ಕೆ ಕೈ ಮುಗಿಯುವ ಚಿತ್ರ ಹಾಕಬೇಡಿ, ದಯವಿಟ್ಟು.

ನೋಡಿದ್ದೇನೆಂದರೆ, ಈ ಗಿಡಕ್ಕೆ ನಮ್ಮ ಪರಿವೆಯೇ ಇಲ್ಲ. ನಿಕೋಟಿನ್ ಅದು ಹುಳುಗಳಿಂದ ಪಾರಾಗಲು ಮಾಡಿಕೊಂಡ ಏರ್ಪಾಡು. ತಯಾರಾಗುವುದು ಬೇರಿನಲ್ಲಿ, ಏರುವುದು ಎಲೆಗೆ. ತಂಬಾಕಿನ ಬೇರಿಗೆ ಟೊಮೆಟೊ ಕಸಿ ಕಟ್ಟಿದರೆ ಟೊಮೆಟೊ ಎಲೆಯಲ್ಲೂ ನಿಕೋಟಿನ್ ಬರುತ್ತದೆ. ಟೊಮೆಟೊ ಬೇರಿಗೆ ತಂಬಾಕು ಕಟ್ಟಿದರೆ ಹೆಚ್ಚುಕಡಿಮೆ ಇರುವುದೇ ಇಲ್ಲ. ಇದನ್ನು ತರಗತಿಯಲ್ಲಿ ಹೇಳಿದ ದಿನ ಹಿಂದಿನ ಬೆಂಚಿನವರೂ ಎಚ್ಚರವಾಗಿದ್ದರು. ಒದ್ದೆ ಎಲೆ ಮುಟ್ಟಿದರೆ ಚರ್ಮದ ಮೂಲಕವೇ ಮೈಗೆ ಇಳಿದು ತಲೆಸುತ್ತು, ವಾಂತಿ ಬರುತ್ತದೆ. ಎಲೆ ಮುರಿಯುವ ಕೂಲಿಯವರ ಪಾಡು ಅದು. ನಾನು ಕೈಗವಸು ಹಾಕಿಯೇ ಮುಟ್ಟುತ್ತೇನೆ.

ಪಕ್ಕದ ಮನೆಯವರದು ಇನ್ನೂ ಸೊಗಸು. "ನಿಮ್ಮ ಗಿಡದಿಂದ ನಮ್ಮ ಟೊಮೆಟೊಗೆ ರೋಗ ಬರುತ್ತದೆ" ಎಂದರು, ಬೆರಳ ಸಂದಿಯಲ್ಲಿ ಬೀಡಿ ಹಿಡಿದುಕೊಂಡೇ! ತಂಬಾಕಿನ ಮೊಸಾಯಿಕ್ ವೈರಸ್, ಅಂದರೆ ಎಲೆಯಲ್ಲಿ ಹಸಿರು-ಹಳದಿ ತೇಪೆ ಮೂಡಿಸುವ ರೋಗಾಣು, ಟೊಮೆಟೊಗೂ ತಗಲುತ್ತದೆ ಎಂಬುದು ನಿಜ. 1892ರಲ್ಲಿ ರಷ್ಯಾದ ವಿಜ್ಞಾನಿ ಇವಾನೊವ್‌ಸ್ಕಿ, 1898ರಲ್ಲಿ ಡಚ್ ವಿಜ್ಞಾನಿ ಬೈಜರಿಂಕ್ ಇದರ ಮೇಲೆಯೇ ಕೆಲಸ ಮಾಡಿದ್ದರಿಂದ ಜಗತ್ತಿಗೆ ವೈರಸ್ ಎಂಬ ಜೀವಿಯೋ ನಿರ್ಜೀವಿಯೋ ಪರಿಚಯವಾಯಿತು. ಆದರೆ ಅದು ಒಣಗಿದ ಹೊಗೆಸೊಪ್ಪಿನಲ್ಲೂ ಬದುಕಿರುತ್ತದೆ. ಬೀಡಿ ಹಿಡಿದ ಕೈಯಲ್ಲಿ ಸಸಿ ಮುಟ್ಟಿದರೆ ಸಾಕು, ಹರಡುತ್ತದೆ. ನನ್ನ ಕುಂಡ ಗೋಡೆಯ ಆಚೆ ಇದೆ. ಅವರ ಬೆರಳು ಅವರ ಟೊಮೆಟೊ ಮೇಲೆಯೇ ಇದೆ. ಹೇಳಿದೆ. ಅಂದಿನಿಂದ ಮಾತು ಬಿಟ್ಟಿದ್ದಾರೆ, ಬೀಡಿ ಬಿಟ್ಟಿಲ್ಲ.

ನಾನು ತಲೆಬಾಗಿದ್ದು ಒಬ್ಬರಿಗೆ ಮಾತ್ರ: ಶಿಡ್ಲಘಟ್ಟದ ಹತ್ತಿರ ರೇಷ್ಮೆ ಸಾಕುವ ನಮ್ಮ ಭಾವ. ಮೊನ್ನೆ ಬಂದವರು ಮೆಟ್ಟಿಲ ಅರ್ಧದಿಂದಲೇ "ಹೊಗೆಸೊಪ್ಪು ಹಾಕಿದ್ದೀಯೇನಮ್ಮ?" ಎಂದು ಕೇಳಿ ಅಲ್ಲೇ ನಿಂತರು. ಪಕ್ಕದ ಹೊಲದಲ್ಲಿ ತಂಬಾಕಿದ್ದರೆ ಹಿಪ್ಪುನೇರಳೆ ಸೊಪ್ಪಿಗೂ ನಿಕೋಟಿನ್ ಅಂಟುತ್ತದೆ, ಅದನ್ನು ತಿಂದ ಹುಳು ರಸ ಕಕ್ಕಿ ಸಾಯುತ್ತದೆ. ಭಾವ ಸ್ವತಃ ಎಲೆಅಡಿಕೆಗೆ ಹೊಗೆಸೊಪ್ಪು ಹಾಕುವವರೇ, ಆದರೆ ಹುಳುಮನೆಗೆ ಕಾಲಿಡುವ ಮೊದಲು ಕೈ, ಬಾಯಿ ತೊಳೆಯದೆ ಇರುವವರಲ್ಲ. ಹುಳುವಿಗಾಗಿ ಬಾಯಿ ತೊಳೆಯುವ ಆ ಮನುಷ್ಯ ತಮಗಾಗಿ ತೊಳೆಯುವುದಿಲ್ಲ, ಅದು ಬೇರೆ ಮಾತು. ಆದರೂ ಇಡೀ ಬಂಧುಬಳಗದಲ್ಲಿ ಗಿಡವನ್ನು ಗಿಡವಾಗಿ ಗುರುತಿಸಿದವರು ಅವರೊಬ್ಬರೇ.

ಮೊಗ್ಗು ಬಂದಿದೆ. ಬೆಳೆಗಾರರು ಎಲೆ ದಪ್ಪವಾಗಲೆಂದು ಕುಡಿ ಮುರಿಯುತ್ತಾರೆ. ನನಗೆ ಎಲೆಯ ಹಂಗಿಲ್ಲ, ನಸುಗೆಂಪು ಹೂ ನೋಡಬೇಕು. ಕಾಯಿ ಬಲಿಯುವ ಮೊದಲು ಕತ್ತರಿಸಿಬಿಡುತ್ತೇನೆ, ಆದ್ದರಿಂದ ಬೀಜ ಕೊಡಿ ಎಂದು ಇನ್‌ಬಾಕ್ಸಿಗೆ ಬರಬೇಡಿ. ಹೂ ನೋಡಲು ಭಾನುವಾರ ಬರಬಹುದು. ಮನೆಯಲ್ಲಿ ರೇಷ್ಮೆ ಹುಳು ಇರುವವರು ಗೂಡು ಮಾರಿದ ಮೇಲೆ ಬನ್ನಿ. ಬಾಯಲ್ಲಿ ಏನಾದರೂ ಇಟ್ಟುಕೊಂಡು ಬಂದು "ಇದು ಗಾಂಜಾ ಅಲ್ಲವೇ?" ಎನ್ನುವವರಿಗೆ ಕಾಫಿ ಇಲ್ಲ.