ನಿಧಾನದ ಹಾಡು ಅಂದರೆ ಸುಲಭದ ಹಾಡಲ್ಲ

ಜಪಾನಿನಲ್ಲಿ ಮೊದಲ ಸಲ ಕರೋಕೆಗೆ (ಹಿನ್ನೆಲೆ ಸಂಗೀತಕ್ಕೆ ನಾವೇ ಹಾಡುವ ಕೋಣೆಗೆ) ಹೋಗುವವರು ನಿಧಾನದ ಐಡಲ್ ಹಾಡು, ಅಂದರೆ ಅಲ್ಲಿನ ಯುವ ಪಾಪ್ ತಾರೆಯರ ಹಾಡು, ಆರಿಸಿಕೊಳ್ಳಲಿ ಅಂತ ನಾನು ಓದಿದ ಒಂದು ಲೇಖನ ಹೇಳುತ್ತದೆ. ನಾನು ಇದನ್ನು ಒಪ್ಪುವುದಿಲ್ಲ. ನಿಧಾನದ ಹಾಡಿನಲ್ಲಿ ಸ್ವರ ಎಳೆದು ನಿಲ್ಲಿಸಬೇಕು. ಉಸಿರು ಸಾಲುವುದಿಲ್ಲ, ಶ್ರುತಿ ಸ್ವಲ್ಪ ಜಾರಿದರೂ ಕೋಣೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಹೊಸಬರಿಗೆ ನಾನು ಹೇಳುವುದು ಎಕೆಬಿ48 ಎಂಬ ಹುಡುಗಿಯರ ತಂಡದ 2013ರ ‘ಕೊಇಸುರು ಫಾರ್ಚೂನ್ ಕುಕೀ’. ಹಳೇ ಡಿಸ್ಕೋ ತರಹದ ತಾಳ, ಓಟವೂ ಇಲ್ಲ, ಎಳೆತವೂ ಇಲ್ಲ. ಇಡೀ ತಂಡ ಒಟ್ಟಿಗೆ ಹಾಡಲು ಮಾಡಿದ ರಾಗ, ಹಾಗಾಗಿ ಒಬ್ಬರ ಗಂಟಲಿನ ಕಸರತ್ತು ಬೇಕಾಗುವುದಿಲ್ಲ. ಕನಗಾವಾ ಪ್ರಾಂತ್ಯದ ಸರ್ಕಾರಿ ನೌಕರರೂ ಇದಕ್ಕೆ ಕುಣಿದು ವಿಡಿಯೋ ಮಾಡಿದ್ದರು, ಅಷ್ಟು ಜನಪ್ರಿಯ. ನೀವು ಸಾಲು ಮರೆತರೂ ಪಕ್ಕದವರು ಎತ್ತಿಕೊಳ್ಳುತ್ತಾರೆ. ಕರೋಕೆಯಲ್ಲಿ ಇದಕ್ಕಿಂತ ಧೈರ್ಯ ಇನ್ನೇನು ಬೇಕು, ಅಲ್ವಾ?

ನಿಧಾನದ್ದೇ ಬೇಕು ಅಂದರೆ ಸ್ಮ್ಯಾಪ್ ಎಂಬ ಗಂಡಸರ ತಂಡದ 2003ರ ‘ಸೆಕಾಯ್ ನಿ ಹಿತೊತ್ಸು ದಾಕೆ ನೊ ಹಾನಾ’ ಪರವಾಗಿಲ್ಲ. ಮಾತನಾಡಿದ ಹಾಗೇ ಸಾಗುತ್ತದೆ, ವಯಸ್ಸಾದವರಿಗೂ ಗೊತ್ತಿರುವ ಹಾಡು.

ಲೇಖನದಲ್ಲಿ ಬಿಟ್ಟುಹೋದದ್ದು ಕೀ, ಅಂದರೆ ಹಾಡಿನ ಶ್ರುತಿ, ಬದಲಿಸುವ ಬಟನ್. ರಿಮೋಟಿನಲ್ಲಿ ಒಮ್ಮೆ ಒತ್ತಿದರೆ ಶ್ರುತಿ ಅರ್ಧ ಸ್ವರ ಇಳಿಯುತ್ತದೆ ಅಥವಾ ಏರುತ್ತದೆ. ಹುಡುಗಿಯರ ತಂಡದ ಹಾಡನ್ನು ಗಂಡಸರು ಮೂಲ ಶ್ರುತಿಯಲ್ಲಿ ಸುಮ್ನೆ ಕಿರುಚಬೇಕಿಲ್ಲ. ಪಲ್ಲವಿಯ ಎತ್ತರದ ಸಾಲನ್ನು ಮೊದಲೇ ಗುನುಗಿ ನೋಡಿ, ಅದಕ್ಕೆ ತಕ್ಕಂತೆ ಇಳಿಸಿಕೊಳ್ಳಿ. ಕಾಂಜಿ (ಚೀನೀ ಮೂಲದ ಜಪಾನೀ ಲಿಪಿ) ಬರದಿದ್ದರೂ ಹೆದರಬೇಡಿ. ಪರದೆಯಲ್ಲಿ ಅದರ ಮೇಲೆ ಚಿಕ್ಕದಾಗಿ ಹಿರಗಾನಾ, ಅಂದರೆ ಉಚ್ಚಾರಣೆ ತೋರಿಸುವ ಸರಳ ಅಕ್ಷರ, ಇರುತ್ತದೆ, ಅಷ್ಟು ಓದಲು ಬಂದರೆ ಸಾಕು.