ಸ್ಪಷ್ಟನೆ: ನರವಿಜ್ಞಾನದ ಪಿಎಚ್‌ಡಿಗೆ ಎಂಬಿಬಿಎಸ್ ಕಡ್ಡಾಯವಲ್ಲ

ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: 'ವರ್ತನಾ ನರವಿಜ್ಞಾನದ ಪಿಎಚ್‌ಡಿ ಡಾಕ್ಟರ್ ಓದಿದವರಿಗೆ ಮಾತ್ರ, ಖರ್ಚೆಲ್ಲ ಕೈಯಿಂದ, ಮೂರು ವರ್ಷ ಇಲಿ ಓಡಿಸಿದರೆ ಮುಗಿಯಿತು.' (ಮೆದುಳು, ನರಗಳು ನಡವಳಿಕೆಯನ್ನು ಹೇಗೆ ನಡೆಸುತ್ತವೆ ಎಂದು ಓದುವುದೇ ವರ್ತನಾ ನರವಿಜ್ಞಾನ.) ಮೂರೂ ಸರಿಯಲ್ಲ.

ಪ್ರಾಣಿಶಾಸ್ತ್ರ, ಮನಃಶಾಸ್ತ್ರ, ಭೌತಶಾಸ್ತ್ರದ ಎಂಎಸ್ಸಿಯವರೂ ಸೇರುತ್ತಾರೆ. ಯುಜಿಸಿಯ 2022ರ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರೂ ಅರ್ಹರು. ಮೂರು ವರ್ಷ ಎಂಬುದು ಕನಿಷ್ಠ ಅವಧಿ; ಗರಿಷ್ಠ ಆರು. ವಿಜ್ಞಾನ ವಿಷಯಗಳ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಸಿಎಸ್‌ಐಆರ್-ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಕಳೆದು ಎಸ್‌ಆರ್‌ಎಫ್ (ಹಿರಿಯ ಫೆಲೋಶಿಪ್) ಆದರೆ 42,000. ಫೆಲೋಶಿಪ್ ಇಲ್ಲದೆ ಸೇರುವವರು ಹಣದ ವಿಷಯ ಮೊದಲೇ ಕೇಳಿಕೊಳ್ಳಿ, ನಾಚಿಕೆ ಬೇಡ.

ಇನ್ನು ಇಲಿಯ ಮಾತು. ಕಾಫಿ ಕಣದಲ್ಲಿ ಓಡುವ ಇಲಿಯಲ್ಲ ಇದು. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ಒಪ್ಪುವ ತನಕ ಪ್ರಯೋಗಕ್ಕೆಂದು ಒಂದನ್ನೂ ಮುಟ್ಟುವಂತಿಲ್ಲ. ಆತಂಕ ಅಳೆಯುವ 'ಪ್ಲಸ್ ಮೇಜ್' ನೋಡಿ: ನೆಲದಿಂದ ಸುಮಾರು 50 ಸೆಂ.ಮೀ. ಎತ್ತರದಲ್ಲಿ ಕೂಡಿಸುವ ಚಿಹ್ನೆಯಾಕಾರದ ಹಲಗೆ, ಎರಡು ತೋಳಿಗೆ ಗೋಡೆ, ಎರಡು ಬಯಲು. ಆತಂಕ ಹೆಚ್ಚಿದ್ದಷ್ಟೂ ಇಲಿ ಬಯಲು ತೋಳಿಗೆ ಹೋಗುವುದು ಕಡಿಮೆ. ಪರೀಕ್ಷೆ ಐದೇ ನಿಮಿಷ. ಆದರೆ ಅದಕ್ಕೆ ಮುಂಚೆ ಮೂರ್ನಾಲ್ಕು ದಿನ ಇಲಿಯನ್ನು ಅಂಗೈಯಲ್ಲಿಟ್ಟು ರೂಢಿ ಮಾಡಿಸದಿದ್ದರೆ, ಅಳತೆಗೆ ಸಿಗುವುದು ನಿಮ್ಮ ಕೈಯ ಭಯ ಅಷ್ಟೇ. ಪ್ರತಿ ಇಲಿಯ ನಂತರ ಹಲಗೆಯನ್ನು ಶೇ 70ರ ಆಲ್ಕೋಹಾಲಿನಿಂದ ಒರೆಸಿ ಪೂರ್ತಿ ಒಣಗಲು ಬಿಡಬೇಕು. ಹಿಂದಿನದರ ವಾಸನೆ ಉಳಿದರೆ ಮುಂದಿನದರ ನಡೆಯೇ ಬದಲಾಗುತ್ತದೆ. ಬಿಳಿ ಹಲಗೆಯ ಮೇಲೆ ಬಿಳಿ ಇಲಿ ಬಿಟ್ಟರೆ ಕ್ಯಾಮೆರಾಗೆ ಅದು ಸಿಗುವುದೇ ಕಷ್ಟ. ಪರೀಕ್ಷೆ ಕೆಟ್ಟಿತೆಂದು ಅದೇ ಇಲಿಯನ್ನು ಮತ್ತೆ ಹತ್ತಿಸಿಯೂ ಉಪಯೋಗವಿಲ್ಲ, ಎರಡನೇ ಸಲ ಅದು ಬಯಲು ತೋಳಿನತ್ತ ಹೋಗುವುದೇ ಕಡಿಮೆ.