ಹನ್ನೆರಡು ಜನ, ಹದಿನಾಲ್ಕು ದಿನ, ಒಂದು ಮದ್ದು

ನಮ್ಮ ಅಪ್ಪಯ್ಯನ ನೆನಪಿನ ಶಕ್ತಿ ಕಡಿಮೆ ಏನಲ್ಲ. ಮೂವತ್ತು ವರ್ಷದ ಹಿಂದೆ ಯಾರ ಮನೆ ಮದುವೆಯಲ್ಲಿ ಹೋಳಿಗೆಗೆ ತುಪ್ಪ ಕಡಿಮೆ ಬಿತ್ತು ಅನ್ನೋದನ್ನು ಈಗಲೂ ಬಡಿಸಿದವನ ಹೆಸರು ಸಮೇತ ಹೇಳುತ್ತಾನೆ. ಆದರೆ ತೋಟಕ್ಕೆ ಮೊದಲನೇ ಮದ್ದು ಹೊಡೆದದ್ದು ಯಾವತ್ತು ಅಂತ ಮಾತ್ರ ಕೇಳಬಾರದು. ಅಪ್ಪಯ್ಯ ಮಂಗಳವಾರ ಅನ್ನುತ್ತಾನೆ. ಅವತ್ತು ಏಕಾದಶಿ, ನೀವು ಅವಲಕ್ಕಿ ತಿಂದೇ ತೋಟಕ್ಕೆ ಹೋಗಿದ್ರಿ ಅಂತ ಆಯಿ ಅನ್ನುತ್ತಾಳೆ. ಎರಡೂ ಅಲ್ಲ ಹೆಗಡೇರೇ, ನನ್ನ ಮಗಳು ಊರಿಗೆ ಬಂದ ಮಾರನೇ ದಿನ ಅಂತ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಅನ್ನುತ್ತಾನೆ. ಮಗಳು ಬಂದದ್ದು ಯಾವತ್ತು ಅಂತ ಅವನಿಗೂ ಗೊತ್ತಿಲ್ಲ.

ಶಿರಸಿ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಯಲುಸೀಮೆಯವರಿಗಾಗಿ ಒಂದೆರಡು ಮಾತು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಇದು ಬೋರ್ಡೋ ಮಿಶ್ರಣ, ನಮ್ಮ ಬಾಯಲ್ಲಿ ಸುಮ್ನೆ ಮದ್ದು. ಮಳೆ ಹಿಡಿಯುವ ಮೊದಲು ಅಡಿಕೆ ಕೊನೆಗೆ ಒಂದು ಸಲ ಹೊಡೆಯಬೇಕು, ಆಮೇಲೆ 40-45 ದಿನಕ್ಕೆ ಇನ್ನೊಂದು ಸಲ. ದಿನ ತಪ್ಪಿದರೆ ಕೊಳೆ ಬರುತ್ತದೆ. ಹಸಿರಡಿಕೆ ಮರದ ಬುಡದಲ್ಲಿ ಉದುರಿ ಬಿದ್ದಿರುತ್ತದೆ, ನಾವು ಅದನ್ನು ನೋಡುತ್ತಾ ನಿಂತಿರುತ್ತೇವೆ. ಕೆನಡಾದಿಂದ ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ 1910ರ ಹೊತ್ತಿಗೇ ಈ ಕೊಳೆರೋಗದ ಬೆನ್ನು ಹತ್ತಿ, ಬೋರ್ಡೋ ಹೊಡೆಯಿರಿ ಅಂತ ಹೇಳಿಯಾಗಿತ್ತು. ಪುಣ್ಯಾತ್ಮ. ಆ ಕಾಲದಲ್ಲಿ ಆ್ಯಪ್ ಅಂಗಡಿ ಇರಲಿಲ್ಲ. ಇದ್ದಿದ್ದರೆ ಮದ್ದು ಇನ್ನೂ ಪರಿಶೀಲನೆಯಲ್ಲೇ ಇರುತ್ತಿತ್ತು.

ನಾನು ಬೆಂಗಳೂರಿನ ಕೆಲಸವನ್ನು ಮನೆಗೆ ತಂದುಕೊಂಡು ಜಗುಲಿಯಲ್ಲಿ ಕೂತು ಕೋಡ್ ಬರೆಯುವವನು. ತಂಗಿ ಅಪ್ಪಯ್ಯನಿಗೆ ಒಂದು ಗುಂಡು ಸ್ಮಾರ್ಟ್ ವಾಚ್ ಕೊಡಿಸಿದ್ದಳು, ಒಳ್ಳೇದು, ಆ್ಯಪ್ ಹಾಕಲು ಬರುವಂಥದ್ದು. ಅಪ್ಪಯ್ಯ ಅದನ್ನು ಟೈಮ್ ನೋಡಲಿಕ್ಕೆ ಮಾತ್ರ ಬಳಸುತ್ತಿದ್ದ, ಅದೂ ಗೋಡೆ ಗಡಿಯಾರ ನೋಡಿ ಸರಿ ಇದೆಯಾ ಅಂತ ಖಾತ್ರಿ ಮಾಡಿಕೊಂಡು. ಫೋನು ಪ್ಲಾಸ್ಟಿಕ್ ಕೊಟ್ಟೆಯೊಳಗೆ ಇರುತ್ತದೆ, ಕೈಯೆಲ್ಲ ಮೈಲುತುತ್ತದ ನೀಲಿ, ಕಣ್ಣೆದುರಿಗೆ ಇರುವುದು ವಾಚು ಒಂದೇ. ಹಾಗಾಗಿ ಎರಡು ಸಂಜೆಯಲ್ಲಿ ಒಂದು ಆ್ಯಪ್ ಮಾಡಿದೆ. ಪರದೆ ಮೇಲೆ ಒಂದು ಅಂಕಿ, ಮದ್ದು ಹೊಡೆದು ಎಷ್ಟು ದಿನ ಆಯಿತು ಅಂತ. ಕೆಳಗೆ ಒಂದು ಗುಂಡಿ, 'ಹೊಡೆದಾಯ್ತು' ಅಂತ. ಇಂಟರ್ನೆಟ್ ಬೇಡ, ಲಾಗಿನ್ ಬೇಡ, ಜಾಹೀರಾತಿಲ್ಲ. ಅಪ್ಪಯ್ಯನ ಕೈಗೆ ಹಾಕಿದೆ. ಕೆಲಸ ಮುಗಿಯಿತು.

ಮುಗಿಸಬೇಕಿತ್ತು. ಆದರೆ ಪಕ್ಕದ ಮನೆ ಭಾವ ನೋಡಿ, "ಅಂಗಡಿಗೆ ಹಾಕೋ ಮಾರಾಯ, ಊರವರಿಗೆಲ್ಲ ಉಪಯೋಗ ಆಗ್ತು" ಅಂದ. ನನಗೂ ಆಸೆ ಹುಟ್ಟಿತು.

ಅಂಗಡಿಯ ಹೆಸರು ಹೇಳುವುದಿಲ್ಲ, ಹೇಳಿದರೆ ಇನ್ನೊಂದು ಫಾರ್ಮ್ ತುಂಬಿಸುತ್ತಾರೆ. ಮೊದಲಿಗೆ 25 ಡಾಲರ್ ಪ್ರವೇಶ ಶುಲ್ಕ. ಅದು ಒಂದೇ ಸಲ ಕೊಡುವುದು, ಇನ್ನೊಂದು ಅಂಗಡಿಯಲ್ಲಾದರೆ ವರ್ಷ ವರ್ಷ 99 ಡಾಲರ್ ಅಂತ ಅಪ್ಪಯ್ಯನಿಗೆ ಸಮಾಧಾನ ಹೇಳಿದೆ. ದುಡ್ಡು ಹೋದ ಮೇಲೆ ನಾನು ಯಾರು ಅಂತ ಸಾಬೀತು ಮಾಡಬೇಕು. ಆಧಾರಿನಲ್ಲಿ ನಮ್ಮ ಹೆಗಡೆಗೆ ಇಂಗ್ಲಿಷಿನಲ್ಲಿ ಒಂದು ಎ ಜಾಸ್ತಿ, ಬ್ಯಾಂಕಿನಲ್ಲಿ ಒಂದು ಕಡಿಮೆ. ಆ ಒಂದು ಅಕ್ಷರಕ್ಕೆ ಒಂದು ವಾರ. ಆಮೇಲೆ ವಿಳಾಸ. ಬೀದಿ ಹೆಸರು ಕೇಳಿದರು. ನಮ್ಮಲ್ಲಿ ಬೀದಿ ಎಲ್ಲಿಂದ ತರಲಿ? ಬಸ್ಸು ಇಳಿದು ಸಂಕ ದಾಟಿ, ಹಲಸಿನ ಮರದ ಹತ್ತಿರ ಎಡಕ್ಕೆ ತಿರುಗಿದರೆ ನಾಯಿ ಬೊಗಳುತ್ತದೆ, ಅದೇ ಮನೆ. ಪೋಸ್ಟ್‌ಮ್ಯಾನಿಗೆ ಇಷ್ಟು ಸಾಕಾಗುತ್ತದೆ. ಅಂಗಡಿಗೆ ಸಾಕಾಗಲಿಲ್ಲ.

ನಂತರ ಹೆಸರಿಡುವ ಶಾಸ್ತ್ರ. 'ಅಡಿಕೆ ತೋಟಕ್ಕೆ ಮದ್ದು ಹೊಡೆದ ದಿನದ ಲೆಕ್ಕ' ಅಂತ ಇಟ್ಟೆ. ಹೆಸರು 30 ಅಕ್ಷರ ದಾಟಬಾರದು ಅಂತ ವಾಪಸ್ ಬಂತು. ಬೆರಳು ಮಡಚಿ ಎಣಿಸಿದೆ, ನಡುವಿನ ಖಾಲಿ ಜಾಗ ಸೇರಿಸಿದರೂ 21. ಆದರೆ ಕಂಪ್ಯೂಟರ್ ಅಕ್ಷರ ಎಣಿಸುವ ಯೂನಿಕೋಡ್ ಲೆಕ್ಕ ಬೇರೆ. ಅಲ್ಲಿ ಗುಣಿತಕ್ಕೊಂದು, ಒತ್ತಿಗೆ ಎರಡು ಬೇರೆ ಬೇರೆ ಎಣಿಕೆ. 'ದ್ದು' ನಮಗೆ ಒಂದು ಅಕ್ಷರ, ಅದಕ್ಕೆ ನಾಲ್ಕು. 'ಸ್ತ್ರೀ' ಅಂದರೆ ಆರು. ಹೀಗೆ ಲೆಕ್ಕ ಹಾಕಿದರೆ ನನ್ನದು 36 ಆಗುತ್ತದೆ. ಒತ್ತಕ್ಷರ ಬಳಸಿದ ತಪ್ಪಿಗೆ ದಂಡ ಕಟ್ಟಬೇಕಾಯಿತು, 'ಅಡಿಕೆ' ತೆಗೆದೆ. 'ತೋಟಕ್ಕೆ ಮದ್ದು ಹೊಡೆದ ದಿನದ ಲೆಕ್ಕ', ಸರಿಯಾಗಿ 30. ಗೆದ್ದೆ ಅಂದುಕೊಂಡೆ. ಆ ಅಡಿಕೆಯನ್ನು ತೆಗೆಯಬಾರದಿತ್ತು ಅಂತ ಆಮೇಲೆ ತಿಳಿಯಿತು.

ಪ್ರಶ್ನೆಪತ್ರಿಕೆ ಶುರುವಾಯಿತು. ಇದು ಸರ್ಕಾರಿ ಆ್ಯಪ್ ಹೌದೋ? ಸುದ್ದಿ ಆ್ಯಪೋ? ಸಾಲ ಕೊಡುತ್ತದೆಯೋ? ರಕ್ತಪಾತ ಇದೆಯೇ? ಜೂಜು ಇದೆಯೇ? (ಅಡಿಕೆ ಬೆಳೆಗಾರನ ಹತ್ತಿರ ಇದನ್ನು ಕೇಳಬಾರದು.) ಬಳಕೆದಾರರ ಯಾವ ಮಾಹಿತಿ ತೆಗೆದುಕೊಳ್ಳುತ್ತೀರಿ? ಏನೂ ಇಲ್ಲ ಅಂದೆ. ಏನೂ ಇಲ್ಲ ಅನ್ನುವುದನ್ನೇ ವಿವರವಾಗಿ ಬರೆದು, ಒಂದು ವೆಬ್‌ಸೈಟಿನಲ್ಲಿ ಹಾಕಿ, ಅದರ ಕೊಂಡಿ ಕೊಡಿ ಅಂದರು. ಏನೂ ಇಲ್ಲದ್ದನ್ನು ಎರಡು ಪುಟ ಬರೆಯುವುದು ಎಷ್ಟು ಕಷ್ಟ ಅಂತ ನನಗೆ ಅವತ್ತು ಗೊತ್ತಾಯಿತು, ಪ್ರಣಾಳಿಕೆ ಬರೆಯುವವರ ಮೇಲೆ ಗೌರವ ಬಂತು.

ಇಷ್ಟೆಲ್ಲ ಆದ ಮೇಲೆ ಆ್ಯಪಿಗೆ ವಯಸ್ಸಿನ ಸರ್ಟಿಫಿಕೇಟ್ ಸಿಕ್ಕಿತು. ಮೂರು ವರ್ಷ ದಾಟಿದ ಯಾರೂ ಬಳಸಬಹುದು. ಕೊಟ್ಟವರು ಐಎಆರ್‌ಸಿ. ಖುಷಿಯಲ್ಲಿ ಗಟ್ಟಿಯಾಗಿ ಓದಿದೆ. ಎಲೆಅಡಿಕೆಯ ಕವಳ ಹಾಕುತ್ತಿದ್ದ ಅಪ್ಪಯ್ಯನ ಕೈ ಅಲ್ಲೇ ನಿಂತಿತು.

"ಯಾರು? ಅಡಿಕೆ ತಿಂದ್ರೆ ಕ್ಯಾನ್ಸರ್ ಅಂದವ್ವೇ ಅಲ್ದನಾ?"

ಅಪ್ಪಯ್ಯ ಪೇಪರ್ ಓದುವವನು. 2004ರಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಅಂತ ಪಟ್ಟಿಗೆ ಸೇರಿಸಿದ್ದೂ ಐಎಆರ್‌ಸಿಯೇ. ಅದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಇದು ವಯಸ್ಸಿನ ಮಿತಿ ಹೇಳುವ ಕೂಟ, ಇಂಗ್ಲಿಷ್ ಮೊದಲಕ್ಷರ ಮಾತ್ರ ಒಂದೇ ಅಂತ ಅರ್ಧ ಗಂಟೆ ವಿವರಿಸಿದೆ. ಅಪ್ಪಯ್ಯ ನಂಬಲಿಲ್ಲ. ಮೂರು ವರ್ಷದ ಮಗುವಿಗೆ ಆಗ್ತು ಹೇಳಿ ಬರಕೊಟ್ಟಿದ್ವಲಾ, ಆ ಕಾಗದ ಜೋಪಾನವಾಗಿ ಇಡು, ಮುಂದೆ ಕೋರ್ಟಿಗೆ ಬೇಕಾಗ್ತು ಅಂದ.

ಆಮೇಲೆ ಬಂದದ್ದು ನಿಜವಾದ ಪರೀಕ್ಷೆ. ಹೊಸಬರು ಆ್ಯಪನ್ನು ಸೀದಾ ಅಂಗಡಿಗೆ ಹಾಕುವ ಹಾಗಿಲ್ಲ. ಕನಿಷ್ಠ 12 ಜನ ಪರೀಕ್ಷಕರು 14 ದಿನ ಎಡೆಬಿಡದೆ ಅದಕ್ಕೆ ಸೇರಿಕೊಂಡಿರಬೇಕು. ನಮ್ಮಲ್ಲಿ ಸೂತಕವೇ ಹತ್ತು ದಿನಕ್ಕೆ ಕಳೆಯುತ್ತದೆ.

ಪರೀಕ್ಷಕರನ್ನು ಹುಡುಕಲು ನಾನು ಒಂದು ತಿಥಿ ಊಟಕ್ಕೆ ಹೋದೆ. ಊಟ ಮುಗಿದು ಎಲ್ಲರೂ ಜಗುಲಿಯಲ್ಲಿ ಕವಳದ ಬಟ್ಟಲಿನ ಸುತ್ತ ಕೂತಿರುವ ಹೊತ್ತು ನೋಡಿ ವಿಷಯ ತೆಗೆದೆ. ಸ್ಮಾರ್ಟ್ ವಾಚ್ ಯಾರ ಹತ್ತಿರ ಇದೆ ಅಂತ ಕೇಳಿದರೆ ಹದಿನಾರು ಕೈ ಮೇಲೆದ್ದವು. ನನಗೆ ಕಣ್ಣಲ್ಲಿ ನೀರು ಬಂತು. ಹತ್ತಿರ ಹೋಗಿ ನೋಡಿದರೆ ಎಲ್ಲವೂ ಸಾವಿರದೈನೂರು ರೂಪಾಯಿಯವು. ಹೆಜ್ಜೆ ಎಣಿಸುತ್ತವೆ, ಕೈ ಬೀಸಿದರೂ ಎಣಿಸುತ್ತವೆ, ಆದರೆ ಹೊರಗಿನ ಒಂದು ಆ್ಯಪನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆ್ಯಪ್ ಹಾಕಬಹುದಾದ ವಾಚು ಇಡೀ ಪಂಕ್ತಿಯಲ್ಲಿ ಒಬ್ಬರ ಕೈಯಲ್ಲೂ ಇರಲಿಲ್ಲ. ತೊಂದರೆ ಇಲ್ಲ, ಇಮೇಲ್ ಕೊಟ್ಟು ಸೇರಿಕೊಳ್ಳಿ ಸಾಕು ಅಂದೆ. ಇಮೇಲ್ ಎಲ್ಲರಿಗೂ ಇತ್ತು, ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಅದು ಪೇಟೆಯಲ್ಲಿ ಫೋನ್ ಮಾರಿದ ಹುಡುಗನಿಗೆ ಗೊತ್ತಂತೆ. ಆ ಹುಡುಗ ಒಬ್ಬನನ್ನೇ ಪರೀಕ್ಷಕ ಮಾಡಿದ್ದರೆ ಅರ್ಧ ತಾಲೂಕಿನ ಲೆಕ್ಕ ಮುಗಿಯುತ್ತಿತ್ತು.

ಅಂತೂ ಹನ್ನೆರಡು ಜನ ಸೇರಿದರು. ವಾಚ್ ಇಲ್ಲದ ಹನ್ನೆರಡು ಜನ ವಾಚ್ ಆ್ಯಪಿನ ಗುಣಮಟ್ಟ ಕಾಯತೊಡಗಿದರು. ಒಂಬತ್ತನೇ ದಿನ ಒಬ್ಬರ ಫೋನು ಗುಡ್ ಮಾರ್ನಿಂಗ್ ಚಿತ್ರಗಳಿಂದ ತುಂಬಿ ಹೋಗಿ, ಮೊಮ್ಮಗ ಬೇಡದ್ದನ್ನೆಲ್ಲ ಕಿತ್ತುಹಾಕುವ ಭರದಲ್ಲಿ ಅಜ್ಜನನ್ನು ಪರೀಕ್ಷೆಯಿಂದಲೂ ಬಿಡಿಸಿದ. ಹನ್ನೊಂದಕ್ಕೆ ಇಳಿಯಿತು. ಇನ್ನೊಬ್ಬರನ್ನು ಹುಡುಕಿ, ಮತ್ತೆ ಮೊದಲಿಂದ ಹದಿನಾಲ್ಕು ದಿನ.

ಅಷ್ಟರಲ್ಲಿ ಇತ್ತ ತೋಟದಲ್ಲಿ ಒಂದು ವಿಚಿತ್ರ ನಡೆಯಿತು. ಕಂಬಳಿಕೊಪ್ಪೆ ಹಾಕಿಕೊಂಡು ಬದುವಿನ ಮೇಲೆ ಓಡಾಡಿ ಬಂದ ಅಪ್ಪಯ್ಯ, "ತಮಾ, ಇವತ್ತು ಏಳು ಸಲ ಮದ್ದು ಹೊಡದ್ನಡಾ ನಾನು" ಅಂದ. ನೋಡಿದರೆ ಹೌದು. ಮಳೆ ಹನಿ ಪರದೆಗೆ ಬಿದ್ದರೆ ವಾಚು ಅದನ್ನು ಬೆರಳು ಅಂದುಕೊಳ್ಳುತ್ತದೆ. ವರುಣದೇವ ಬೆಳಿಗ್ಗೆಯಿಂದ 'ಹೊಡೆದಾಯ್ತು' ಒತ್ತುತ್ತಲೇ ಇದ್ದ. ಆ ಗುಂಡಿಯ ಬರಹವನ್ನಷ್ಟೇ ಪರದೆಯಲ್ಲಿ ಉಳಿಸಿ, ಕೆಲಸವನ್ನು ಪಕ್ಕದ ಒತ್ತುಗುಂಡಿಗೆ ಕೊಟ್ಟೆ. ಆ ಆ್ಯಪಿನಲ್ಲಿ ನಿಜವಾಗಿ ಇದ್ದ ದೊಡ್ಡ ತಪ್ಪು ಇದೊಂದೇ. ಹನ್ನೆರಡು ಪರೀಕ್ಷಕರಿಗೆ, ಅಷ್ಟೂ ಫಾರ್ಮಿಗೆ ಸಿಗದ ತಪ್ಪು ಶಿರಸಿಯ ಒಂದು ಮಳೆಗೆ ಸಿಕ್ಕಿತು.

ಹದಿನಾಲ್ಕು ದಿನ ಮುಗಿದ ಮೇಲೆ ಮತ್ತೆ ಪ್ರಶ್ನೆ. ಪರೀಕ್ಷಕರನ್ನು ಹುಡುಕುವುದು ಎಷ್ಟು ಸುಲಭವಾಯಿತು? ಅವರಿಂದ ಏನು ಅಭಿಪ್ರಾಯ ಬಂತು? ತಿಥಿಯಲ್ಲಿ ವಡೆ ಚೆನ್ನಾಗಿತ್ತು ಅನ್ನುವುದೊಂದೇ ನನಗೆ ಬಂದ ಅಭಿಪ್ರಾಯ. ಹಾಗೆ ಬರೆಯಲಿಲ್ಲ, ಬರೆದಿದ್ದರೂ ಯಾರೂ ಓದುತ್ತಿರಲಿಲ್ಲ ಅನ್ನಿಸುತ್ತದೆ.

ಅಂಗಡಿಯಲ್ಲಿ ತೋರಿಸಲು ಕೊಡಬೇಕಾದ ಆ್ಯಪಿನ ಚಿತ್ರದ್ದು ಇನ್ನೊಂದು ಕಥೆ. ವಾಚು ಗುಂಡಗಿದೆ, ಚಿತ್ರ ಮಾತ್ರ ಸರಿಯಾಗಿ ಚೌಕವಾಗಿರಬೇಕು, ಕನಿಷ್ಠ 384ಕ್ಕೆ 384 ಪಿಕ್ಸೆಲ್. ಚಿತ್ರದಲ್ಲಿ ವಾಚಿನ ಚೌಕಟ್ಟು ಕಾಣಬಾರದು, ಮೇಲೆ ಏನೂ ಬರೆಯಬಾರದು. ವಾಚಿನ ಆ್ಯಪ್ ಅಂತ ತೋರಿಸಬೇಕು, ವಾಚು ತೋರಿಸಬಾರದು. ಅದನ್ನೂ ಮಾಡಿದೆ. ದೊಡ್ಡ ಅಕ್ಷರ ಇಟ್ಟರೆ ಗುಂಡು ಪರದೆಯ ಅಂಚಿನಲ್ಲಿ ಪದ ಕತ್ತರಿಸುತ್ತದೆ ಅಂತ ತಿರಸ್ಕರಿಸಿದರು. ಇದು ಮಾತ್ರ ಅವರು ಹೇಳಿದ್ದು ಸರಿ. 'ಹೊಡೆದಾಯ್ತು'ವಿನ ತ ಒತ್ತು ನಿಜವಾಗಿಯೂ ಕೆಳಗೆ ಬಿದ್ದು ಹೋಗಿತ್ತು. ಸರಿಪಡಿಸಿದೆ.

ಮುಂದಿನ ಪತ್ರ ಓದಿ ನನಗೆ ಅಡಿಕೆಯ ಬೆಲೆ ಗೊತ್ತಾಯಿತು. ನಿಮ್ಮ ಆ್ಯಪಿನ ಹೆಸರಿನಲ್ಲಿ ಮದ್ದು ಇದೆ, ಮದ್ದು ಅಂದರೆ ಔಷಧ, ದಿನದ ಲೆಕ್ಕ ಬೇರೆ ಇಡುತ್ತೀರಿ, ಆದ್ದರಿಂದ ಇದು ಔಷಧ ಸೇವನೆ ನೆನಪಿಸುವ ಆರೋಗ್ಯ ಆ್ಯಪ್, ಇಂಥದ್ದನ್ನು ಸಂಸ್ಥೆಗಳು ಮಾತ್ರ ಹಾಕಬಹುದು, ಸಂಸ್ಥೆಯಾದರೆ ಸಂಸ್ಥೆಗಳನ್ನು ಗುರುತಿಸುವ ಒಂಬತ್ತು ಅಂಕಿಯ ಡನ್ಸ್ ಸಂಖ್ಯೆ ಕೊಡಿ. ಈ ಮದ್ದನ್ನು ಮನುಷ್ಯರು ಕುಡಿಯುವುದಿಲ್ಲ, ಕುಡಿದರೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ ಅಂತ ವಿವರಿಸಿ ಬರೆದೆ. ಅದೇ ಉತ್ತರ ಬಂತು, ಒಂದು ಅಲ್ಪವಿರಾಮವೂ ಬದಲಾಗದೆ. "ನಮ್ಮ ಸರ್ವೆ ನಂಬರ್ ಕೊಟ್ರೆ ಆಗ್ತಿಲ್ಯನಾ?" ಅಂತ ಅಪ್ಪಯ್ಯ ಕೇಳಿದ. ಪಹಣಿ ಹಾಕುವ ಜಾಗ ಎಷ್ಟು ಹುಡುಕಿದರೂ ಆ ಫಾರ್ಮಿನಲ್ಲಿ ಸಿಗಲಿಲ್ಲ.

ಅಲ್ಲ, ಬಾಗಿಲಲ್ಲಿ ಇಷ್ಟು ಬಿಗಿ ಇದ್ದರೆ ಒಳಗೆ ಎಲ್ಲರೂ ಸಾಧುಗಳೇ ಇರಬೇಕು ಅಲ್ವಾ? 2021ರಲ್ಲಿ ರಿಸರ್ವ್ ಬ್ಯಾಂಕಿನ ಒಂದು ಕಾರ್ಯತಂಡ ಎಣಿಸಿ ನೋಡಿತ್ತು. 80ಕ್ಕೂ ಹೆಚ್ಚು ಆ್ಯಪ್ ಅಂಗಡಿಗಳಲ್ಲಿ ಸುಮಾರು 1,100 ಸಾಲದ ಆ್ಯಪ್‌ಗಳು, ಅವುಗಳಲ್ಲಿ 600ರಷ್ಟು ಅಕ್ರಮ. ಸಾಲ ಕೊಟ್ಟು, ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಬಾಚಿಕೊಂಡು, ನೆಂಟರಿಷ್ಟರಿಗೆಲ್ಲ ಫೋನ್ ಮಾಡಿ ಮಾನ ಕಳೆಯುವ ಜಾತಿಯವೂ ಆ ಕಾಲದಲ್ಲಿ ಇದ್ದವು. ಅವರ ಬೀದಿಗೆ ಹೆಸರಿತ್ತೇನೋ. ಅವರು ಫಾರ್ಮನ್ನು ಚೆಂದ ತುಂಬಿಸಿರಬೇಕು. ನಾನು ಮೈಲುತುತ್ತವನ್ನು ಮುಚ್ಚಿಡದೆ ಬರೆದು ಸಿಕ್ಕಿಬಿದ್ದೆ.

ಕೊನೆಗೆ ಭಾವನೇ ದಾರಿ ತೋರಿಸಿದ. 'ದಿನದ' ತೆಗಿ, 'ಅಡಿಕೆ' ವಾಪಸ್ ಹಾಕು ಅಂದ. 'ಅಡಿಕೆ ತೋಟಕ್ಕೆ ಮದ್ದು, ಲೆಕ್ಕ' ಅಂತ ಏನೋ ಒಂದು ಮಾಡಿ ಕಳಿಸಿದೆ. ಗಣೇಶ ಚೌತಿಯ ಹಿಂದಿನ ದಿನ, ಆಯಿ ಚಕ್ಕುಲಿ ಒತ್ತುತ್ತಿದ್ದಾಗ ಒಪ್ಪಿಗೆ ಬಂತು.

ಅಷ್ಟರೊಳಗೆ ಎರಡನೇ ಮದ್ದು ಹೊಡೆದು ಮುಗಿದಿತ್ತು. ಸರಿಯಾದ ದಿನಕ್ಕೇ ಹೊಡೆದದ್ದು. ವಾಚು ಏಳು ಸಲದ ಲೆಕ್ಕ ತೋರಿಸಿದ ಮೇಲೆ ಅಪ್ಪಯ್ಯ ಅದನ್ನು ನಂಬುವುದು ಬಿಟ್ಟು, ಪಂಪ್‌ಸೆಟ್ ಮನೆಯ ಬಾಗಿಲ ಮೇಲೆ ಮೈಲುತುತ್ತದ ಬೆರಳಲ್ಲೇ ತಾರೀಕು ಬರೆದಿಟ್ಟಿದ್ದ. ಇನ್ನೂ ಅಳಿಸಿಲ್ಲ, ನೀಲಿಯಾಗಿ ಕಾಣುತ್ತದೆ.

ಈವರೆಗೆ ಆ್ಯಪನ್ನು ಹಾಕಿಕೊಂಡವರು ಮೂರು ಜನ. ಒಂದು ನಾನು, ಒಂದು ಅಪ್ಪಯ್ಯ. ಮೂರನೆಯವರು ಯಾರೋ ಪರಊರಿನವರು, ಒಂದು ನಕ್ಷತ್ರ ಕೊಟ್ಟು, "ಕೆಮ್ಮಿಗೆ ಮದ್ದು ಹುಡುಕಿದೆ, ಇದರಲ್ಲಿ ಏನೂ ಇಲ್ಲ" ಅಂತ ಬರೆದಿದ್ದಾರೆ. ಅಪ್ಪಯ್ಯನಿಗೆ ಓದಿ ಹೇಳಿದೆ. ಅಪ್ಪಯ್ಯ ಪಾಪ ಅನ್ನುತ್ತಾ, "ಶುಂಠಿ ಕಷಾಯ ಕುಡಿ ಹೇಳಿ ಬರಿ" ಅಂದ. ಹಿರಿಯರ ಮಾತು, ಬರೆದೆ.

ಮಾರನೇ ದಿನ ಅಂಗಡಿಯಿಂದ ಪತ್ರ ಬಂತು. ನಿಮ್ಮ ಆ್ಯಪ್ ಬಳಕೆದಾರರಿಗೆ ಆರೋಗ್ಯ ಸಲಹೆ ನೀಡುತ್ತಿರುವಂತೆ ಕಾಣುತ್ತಿದೆ, ದಯವಿಟ್ಟು ಕೆಳಗಿನ ಫಾರ್ಮ್ ತುಂಬಿರಿ.